ಕೋತಿಯ ಕಿವಿ, ಭೀಮರಾಜನ ಗಂಟಲು

ಬಂಡಳ್ಳಿ, ಹನೂರಿನ ಜನಕ್ಕೆ ಕೋತಿಯ ಪರಿಚಯ ಹೇಳಬೇಕಾಗಿಲ್ಲ. ನೆತ್ತಿಯಲ್ಲಿ ಬೈತಲೆ ತೆಗೆದಂತೆ ಕೂದಲಿರುವ ಈ ಕೋತಿ ನಮ್ಮ ಪರ್ಯಾಯ ದ್ವೀಪದ್ದೇ ಸ್ವತ್ತು. ಹೊರದೇಶದ ಕಾಡುಗಳಲ್ಲಿ ಇದಿಲ್ಲ. ಬಿಳಿಗಿರಿರಂಗನ ಬೆಟ್ಟದ ಭೀಮರಾಜ ಅಷ್ಟು ಪರಿಚಿತನಲ್ಲ. ಹೊಲದ ತಂತಿಯ ಮೇಲೆ ಕೂರುವ ಕಾಜಾಣದ ನೆಂಟ, ಮಿರುಗುವ ಕಪ್ಪು ಹಕ್ಕಿ. ಬಾಲದಿಂದ ಎರಡು ಬರಿಯ ಕಡ್ಡಿಗಳು ಇಳಿದು, ತುದಿಯಲ್ಲಿ ಮಾತ್ರ ಗರಿ ಅರಳಿರುತ್ತದೆ.

ಇವೆರಡರಲ್ಲಿ ನಮ್ಮ ರಕ್ತಸಂಬಂಧಿ ಕೋತಿ. ಹಕ್ಕಿಯ ವಂಶ ನಮ್ಮದರಿಂದ ಕವಲೊಡೆದು 30 ಕೋಟಿ ವರ್ಷಗಳೇ ದಾಟಿವೆ. ಆದರೂ ದನಿ ಕಲಿಯುವುದರಲ್ಲಿ ನಮ್ಮ ಪಕ್ಕ ನಿಲ್ಲುವುದು ಹಕ್ಕಿಯೇ.

ಕೋತಿಯ ಕೂಗುಗಳು ಬಹುಪಾಲು ಹುಟ್ಟಿನಿಂದ ಬಂದವು. ಎರಡು ಜಾತಿಯ ಮಂಗಗಳ ಮರಿಗಳನ್ನು ಅದಲುಬದಲು ಮಾಡಿ ಸಾಕಿದಾಗಲೂ ಅವು ಹೆಚ್ಚಾಗಿ ಹೆತ್ತವರ ದನಿಯನ್ನೇ ಉಳಿಸಿಕೊಂಡವು. ಕೊರತೆ ಗಂಟಲಿನದೇ? ಅಲ್ಲ. ವಿಜ್ಞಾನಿ ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು ಇದೇ ಕುಲದ ಇನ್ನೊಂದು ಕೋತಿಯನ್ನು ಎಕ್ಸ್-ರೇ ವಿಡಿಯೋದಲ್ಲಿ ಚಿತ್ರಿಸಿ, ಮಾತಿಗೆ ಬೇಕಾದಷ್ಟು ಸ್ವರಗಳನ್ನು ಹೊರಡಿಸಲು ಅದರ ಗಂಟಲು, ಬಾಯಿ ಸಾಲುತ್ತವೆಂದು 2016ರಲ್ಲಿ ತೋರಿಸಿದರು. ಇಲ್ಲದಿರುವುದು ಅವನ್ನು ಆಡಿಸುವ ಮಿದುಳಿನ ಹಿಡಿತ.

ಹಾಡುಹಕ್ಕಿಗೆ ಆ ಹಿಡಿತವಿದೆ. ಅದರ ದನಿಪೆಟ್ಟಿಗೆ ಇರುವುದು ಶ್ವಾಸನಾಳ ಎರಡಾಗಿ ಒಡೆಯುವ ಕಡೆ. ಎಡಬಲಗಳನ್ನು ಬೇರೆಬೇರೆಯಾಗಿ ನುಡಿಸಬಲ್ಲುದರಿಂದ ಒಂದೇ ಕ್ಷಣಕ್ಕೆ ಎರಡು ಸ್ವರ ಹೊರಡಿಸುವುದೂ ಸಾಧ್ಯ. ಕೇಳಿದ್ದನ್ನು ನೆನಪಿಟ್ಟು, ತನ್ನ ದನಿಯನ್ನು ತಾನೇ ಆಲಿಸಿ ತಿದ್ದಿಕೊಳ್ಳಲು ಮಿದುಳಿನಲ್ಲಿ ಪ್ರತ್ಯೇಕ ಕೇಂದ್ರಗಳಿವೆ. ತಲೆ ಚಿಕ್ಕದಾದರೇನು, ನರಕೋಶಗಳು ಮಂಗಗಳ ಮಿದುಳಿಗಿಂತ ಒತ್ತೊತ್ತಾಗಿ ತುಂಬಿರುತ್ತವೆ. ಭೀಮರಾಜ ಈ ವಿದ್ಯೆಯಲ್ಲಿ ಪಳಗಿದವನು. ಗಿಡುಗನ ಕೂಗನ್ನೂ ಬೇರೆ ಹಕ್ಕಿಗಳ ಎಚ್ಚರಿಕೆಯನ್ನೂ ಹಾಗೇ ಒಪ್ಪಿಸುತ್ತಾನೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿರುವ ಅವನ ಹತ್ತಿರದ ಸಂಬಂಧಿಯಂತೂ ಅಪಾಯದ ಹೊತ್ತಿನಲ್ಲಿ ಅಪಾಯದ ಕೂಗುಗಳನ್ನೇ ಆರಿಸಿ ಅನುಕರಿಸುತ್ತದೆ.

ಹಾಗೆಂದು ಕೋತಿಯನ್ನು ದಡ್ಡನೆನ್ನುವುದು ಅನ್ಯಾಯ. ಸಂಶೋಧಕರಾದ ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದ ಇದೇ ಕೋತಿಗಳಿಗೆ ಮುಸುವ, ಕಡವೆಗಳ ಎಚ್ಚರಿಕೆಯ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಪರಭಾಷೆಯಾದರೂ ಅರ್ಥ ತಿಳಿದು ಅವು ಓಡಿದವು. ಕೋತಿಯ ಕಲಿಕೆಯೆಲ್ಲ ಕಿವಿಯಲ್ಲಿದೆ.

ಬೆಟ್ಟದ ಕಾಡಿನಲ್ಲಿ ಗಿಡುಗನ ಕೂಗು ಕೇಳಿದರೆ ಗಿಡುಗನನ್ನಷ್ಟೇ ಹುಡುಕಬೇಡಿ. ಆ ಉದ್ದ ಬಾಲದವನು ಹತ್ತಿರದಲ್ಲಿದ್ದಾನೆಯೇ, ಅದನ್ನೂ ನೋಡಿ.