ಗುಜರಿ ಬಿಡಿಭಾಗಗಳಿಂದ ವಿಡಿಯೋ ಗೇಮ್ ಪೆಟ್ಟಿಗೆ: ಲೆಕ್ಕಕ್ಕೆ ಬಾರದ ವೆಚ್ಚಗಳು

ಹಿರಿಯೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ನಡೆಸುವ ಯುವಕರೊಬ್ಬರು ಕೆಲವು ತಿಂಗಳ ಹಿಂದೆ ಒಂದು ನೋಟ್‌ಬುಕ್ಕಿನೊಡನೆ ನನ್ನ ಕಚೇರಿಗೆ ಬಂದಿದ್ದರು. ಹೊಸದುರ್ಗದಲ್ಲಿ ಎಂದೋ ಮುಚ್ಚಿಹೋದ ವಿಡಿಯೋ ಗೇಮ್ ಅಂಗಡಿಯೊಂದರ ಹಳೆಯ ಯಂತ್ರವನ್ನು ಕೊಂಡು, ಅದರ ಬಿಡಿಭಾಗಗಳನ್ನು ಬಿಚ್ಚಿ, ಹೊಳಲ್ಕೆರೆಯ ಬಡಗಿಯೊಬ್ಬರಿಂದ ಮೇಜಿನ ಮೇಲೆ ಇಡಬಹುದಾದ ಚಿಕ್ಕ ಪೆಟ್ಟಿಗೆ ಮಾಡಿಸಿ, ಅದರಲ್ಲಿ ಆ ಭಾಗಗಳನ್ನು ಮತ್ತೆ ಜೋಡಿಸಿದ್ದರು. ಚಿತ್ರದುರ್ಗದ ಹೋಟೆಲೊಂದು ಅದನ್ನು 20,000 ರೂ.ಗಳಿಗೆ ಕೊಂಡಿತ್ತು. ಇನ್ನೆರಡು ಬೇಡಿಕೆಗಳು ಬಂದಿದ್ದವು. ಒಂದು ಬೆಂಗಳೂರಿನಿಂದ, ಇನ್ನೊಂದು ಅನಂತಪುರದಿಂದ. ಒಂದು ಪೆಟ್ಟಿಗೆಗೆ 7,000 ರೂ. ಲಾಭವೆಂದು ಲೆಕ್ಕ ಹಾಕಿ, ತಾಯಿಯವರ ಒಡವೆ ಅಡವಿಟ್ಟು 2 ಲಕ್ಷ ರೂ. ತರುವ ಯೋಚನೆ ಅವರದಾಗಿತ್ತು. "ಸರ್, ಒಮ್ಮೆ ಲೆಕ್ಕ ನೋಡಿಬಿಡಿ" ಎಂದರು. ಇಂತಹ ಹವ್ಯಾಸವನ್ನು ಉದ್ದಿಮೆಯಾಗಿಸಬಯಸುವ ಇತರರಿಗೂ ಉಪಯೋಗವಾದೀತೆಂದು, ಅವರ ಒಪ್ಪಿಗೆಯ ಮೇರೆಗೆ ಆ ಲೆಕ್ಕವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಯಂತ್ರದ ಒಳಗೇನಿದೆ?

ಹಳೆಯ ಆರ್ಕೇಡ್ ಯಂತ್ರದ ಜೀವಾಳ ಅದರ ಸರ್ಕ್ಯೂಟ್ ಬೋರ್ಡ್. ಜಪಾನಿನ ತಯಾರಕರ ಸಂಘವು 1980ರ ದಶಕದ ಮಧ್ಯಭಾಗದಲ್ಲಿ 'ಜಾಮ್ಮಾ' ಎಂಬ 56 ಸಂಪರ್ಕಗಳ ಒಂದು ಮಾದರಿಯನ್ನು ರೂಪಿಸಿತು. ವಿದ್ಯುತ್ತು, ಚಿತ್ರ, ಧ್ವನಿ, ಜಾಯ್‌ಸ್ಟಿಕ್, ನಾಣ್ಯ ಎಲ್ಲವೂ ಈ ಒಂದೇ ಕನೆಕ್ಟರಿನ ಮೂಲಕ ಸಾಗುತ್ತವೆ. ಆದುದರಿಂದ ಒಮ್ಮೆ ಈ ರೀತಿ ವೈರಿಂಗ್ ಮಾಡಿದ ಪೆಟ್ಟಿಗೆಯಲ್ಲಿ ಬೋರ್ಡನ್ನು ಮಾತ್ರ ಬದಲಿಸಿ ಬೇರೊಂದು ಆಟ ಆಡಬಹುದು.

ಬೋರ್ಡಿಗೆ 5 ವೋಲ್ಟ್ ಮತ್ತು 12 ವೋಲ್ಟ್ ವಿದ್ಯುತ್ತು ಬೇಕು. ಕೆಲವು ಹಳೆಯ ಬೋರ್ಡುಗಳು ಧ್ವನಿಗಾಗಿ ಮೈನಸ್ 5 ವೋಲ್ಟನ್ನೂ ಕೇಳುತ್ತವೆ. ಇಂದಿನ ಕಂಪ್ಯೂಟರ್ ಎಸ್.ಎಂ.ಪಿ.ಎಸ್.ಗಳಲ್ಲಿ ಅದು ದೊರೆಯುವುದಿಲ್ಲ. ಬೋರ್ಡನ್ನು ಜೋಡಿಸುವ ಮುನ್ನ ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆಯುವುದು ಕಡ್ಡಾಯ. ಈ ಯುವಕರು ಮೊದಲು ಕೊಂಡಿದ್ದ ಎರಡು ಬೋರ್ಡುಗಳ ಪೈಕಿ ಒಂದು ಬರುವಾಗಲೇ ಕೆಟ್ಟಿತ್ತು. ಇನ್ನೊಂದು ಅಳೆಯದೆ ಜೋಡಿಸಿದ್ದರಿಂದ ಸುಟ್ಟಿತು.

ಪರದೆಯ ವಿಷಯದಲ್ಲಿ ಹಳೆಯ ಟಿ.ವಿ.ಯೇ ಹಳೆಯ ಕಂಪ್ಯೂಟರ್ ಮಾನಿಟರಿಗಿಂತ ಹತ್ತಿರದ ನೆಂಟ. ಆರ್ಕೇಡ್ ಬೋರ್ಡುಗಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 15,700 ಅಡ್ಡಗೆರೆಗಳನ್ನು ಕಳುಹಿಸುತ್ತವೆ. ನಮ್ಮ ಟಿ.ವಿ.ಗಳ ಪದ್ಧತಿಯಲ್ಲಿ ಇದು 15,625, ವಿ.ಜಿ.ಎ. ಮಾನಿಟರುಗಳಲ್ಲಿ ಸುಮಾರು 31,500. ಆದರೆ ಬೋರ್ಡು ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತಂತಿಗಳಲ್ಲಿ ಕೊಡುವುದರಿಂದ ಸಾಮಾನ್ಯ ಟಿ.ವಿ.ಯ ಎ.ವಿ. ಸಾಕೆಟಿಗೆ ಅದನ್ನು ನೇರವಾಗಿ ಜೋಡಿಸಲಾಗದು. ನಡುವೆ ಪರಿವರ್ತಕವೊಂದು ಬೇಕಾಗುತ್ತದೆ. ಪೆಟ್ಟಿಗೆ ಎಷ್ಟು ಚಿಕ್ಕದಾಗಬಲ್ಲದು ಎಂಬುದನ್ನು ನಿರ್ಧರಿಸುವುದು ಪಿಕ್ಚರ್ ಟ್ಯೂಬಿನ ಹಿಂಭಾಗದ ಉದ್ದ. ಇವರು 14 ಇಂಚಿನ ಟ್ಯೂಬನ್ನು ಆರಿಸಿದ್ದು ಆ ಕಾರಣಕ್ಕೆ.

ಒಂದು ಎಚ್ಚರಿಕೆಯ ಮಾತು. ಸ್ವಿಚ್ ಆರಿಸಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಉಳಿದಿರುತ್ತದೆ. ಕೆಲವು ಹಳೆಯ ಸೆಟ್ಟುಗಳ ಚಾಸಿಯು ನೇರವಾಗಿ ಮೇನ್ಸ್‌ಗೆ ಸೇರಿರುವುದರಿಂದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬೋರ್ಡಿಗೆ ಜೋಡಿಸಿದರೆ ಬೋರ್ಡು ಹೋಗುತ್ತದೆ, ಮುಟ್ಟಿದವರ ಜೀವಕ್ಕೂ ಅಪಾಯ. ಟಿ.ವಿ. ರಿಪೇರಿ ಬಲ್ಲವರಲ್ಲದೆ ಬೇರೆಯವರು ಇದಕ್ಕೆ ಕೈಹಾಕಬಾರದು.

ನೋಟ್‌ಬುಕ್ಕಿನ ಲೆಕ್ಕ

ಅವರು ಬರೆದಿದ್ದ ವೆಚ್ಚ ಹೀಗಿತ್ತು: ಹಳೆಯ ಯಂತ್ರ 6,500 ರೂ., ಟಿ.ವಿ. 900, ಪ್ಲೈವುಡ್ ಮತ್ತು ಬಡಗಿಯ ಕೂಲಿ 3,200, ಪವರ್ ಸಪ್ಲೈ, ಪರಿವರ್ತಕ, ಗುಂಡಿ, ತಂತಿ ಇತ್ಯಾದಿ 2,400. ಒಟ್ಟು 13,000 ರೂ. ಹಾಳಾದ ಎರಡು ಬೋರ್ಡುಗಳ 4,000 ರೂ. ಎಲ್ಲಿ ಎಂದು ಕೇಳಿದೆ. "ಅದು ನನ್ನ ತಪ್ಪಿನಿಂದ ಆದದ್ದು, ಪೆಟ್ಟಿಗೆಯ ಖರ್ಚಲ್ಲ" ಎಂದರು. ಗುಜರಿ ಮಾಲಿನ ವ್ಯವಹಾರದಲ್ಲಿ ಕೆಟ್ಟು ಬರುವ ಮಾಲು ಆಕಸ್ಮಿಕವಲ್ಲ, ಅದು ಮಾಮೂಲು ನಷ್ಟ. ಒಳ್ಳೆಯ ಮಾಲಿನ ಬೆಲೆಯಲ್ಲಿಯೇ ಅದನ್ನು ಸೇರಿಸತಕ್ಕದ್ದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗಗಳಿಗಾಗಿ ಹೋಗಿಬಂದ ಖರ್ಚು ಮತ್ತು ಸಾಗಾಣಿಕೆ 1,600 ರೂ. ಅಂಗಡಿಯ ಕೆಲಸ ಬಿಟ್ಟು ದುಡಿದ 11 ದಿನಗಳಿಗೆ, ಅವರೇ ಒಪ್ಪಿದಂತೆ ದಿನಕ್ಕೆ 700 ರೂ.ಗಳಂತೆ, 7,700 ರೂ. ಎಲ್ಲ ಕೂಡಿಸಿದರೆ 26,300 ರೂ. ಏಳು ಸಾವಿರದ ಲಾಭವು 6,300 ರೂ.ಗಳ ನಷ್ಟವಾಗಿ ನಿಂತಿತು. ಅವರು ಕೆಲ ಹೊತ್ತು ಮಾತನಾಡಲಿಲ್ಲ.

ತೆರಿಗೆ

ಹಳೆಯ ವಸ್ತುಗಳ ಮೇಲೆ ಲಾಭದಂಶಕ್ಕೆ ಮಾತ್ರ ಜಿ.ಎಸ್.ಟಿ. ಎಂದು ಅವರಿಗೆ ಯಾರೋ ಹೇಳಿದ್ದರು. ಈ ಮಾತು ಅರ್ಧ ಸತ್ಯ. ನಿಯಮ 32(5)ರ ಈ ಸೌಲಭ್ಯವು ಹಳೆಯ ವಸ್ತುವನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾಡಿ ಮಾರುವವರಿಗೆ ಮಾತ್ರ. ಟಿ.ವಿ., ಬೋರ್ಡು, ಪ್ಲೈವುಡ್ ಸೇರಿ ಆಟದ ಯಂತ್ರವಾದಾಗ ಅದು ಹೊಸ ವಸ್ತು. ನೋಂದಾಯಿತರಾದ ಮೇಲೆ ಪೂರ್ಣ ಬೆಲೆಯ ಮೇಲೆ 18% ತೆರಿಗೆ ಬರುತ್ತದೆ. 20,000 ರೂ. ತೆರಿಗೆ ಸೇರಿದ ಬೆಲೆಯಾದರೆ ಅದರಲ್ಲಿ 3,051 ರೂ. ಸರ್ಕಾರದ್ದು.

ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ರಿಪೇರಿಯಂತಹ ಸೇವೆಯೂ ಇದ್ದರೆ ಮಿತಿ 20 ಲಕ್ಷ. ಆದರೆ ಅನಂತಪುರ ಆಂಧ್ರಪ್ರದೇಶದಲ್ಲಿದೆ. ಹೊರರಾಜ್ಯಕ್ಕೆ ಒಂದೇ ಪೆಟ್ಟಿಗೆ ಮಾರಿದರೂ ವಹಿವಾಟು ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಇನ್ನು ಗುಜರಿಯವರು ಬಿಲ್ಲು ಕೊಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಮಾರಿದವರ ಹೆಸರು, ವಿಳಾಸ, ಸಹಿಯುಳ್ಳ ಖರೀದಿ ವೋಚರನ್ನಾದರೂ ಬರೆಯಿಸಿಕೊಳ್ಳಬೇಕು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ, ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಆ ವೆಚ್ಚ ಮಾನ್ಯವಾಗುವುದಿಲ್ಲ.

ನಾಣ್ಯದ ಕಿಂಡಿ

ಹೋಟೆಲಿನವರು ನಾಣ್ಯ ಹಾಕಿ ಆಡುವ ವ್ಯವಸ್ಥೆ ಬೇಕೆಂದಿದ್ದರು. ಇಲ್ಲಿ ಒಂದು ಸ್ವಾರಸ್ಯವಿದೆ. 1992ರ ಮಾದರಿಯ ಒಂದು ರೂಪಾಯಿ ನಾಣ್ಯದ ವ್ಯಾಸವೂ 2011ರ ಮಾದರಿಯ ಎರಡು ರೂಪಾಯಿ ನಾಣ್ಯದ ವ್ಯಾಸವೂ ಒಂದೇ, 25 ಮಿ.ಮೀ. ಹಳೆಯ ಕಿಂಡಿಯು ಎರಡು ರೂಪಾಯಿಯನ್ನು ಒಂದೆಂದು ಎಣಿಸುತ್ತಿತ್ತು. ಗಲ್ಲಾಪೆಟ್ಟಿಗೆಯ ಲೆಕ್ಕ ತಾಳೆಯಾಗದೆ ಹೋಟೆಲಿನವರು ಹುಡುಗರನ್ನು ಗದರಿದ್ದರಂತೆ.

ಆದರೆ ಗಂಭೀರ ವಿಷಯ ಬೇರೆ. ಮನೆಯಲ್ಲಿಟ್ಟ ಪೆಟ್ಟಿಗೆ ಆಟಿಕೆ; ಸಾರ್ವಜನಿಕ ಸ್ಥಳದಲ್ಲಿ ಹಣ ಪಡೆದು ಆಡಿಸಿದರೆ ಅದು ಮನರಂಜನಾ ವ್ಯವಹಾರ. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವಿಡಿಯೋ ಗೇಮ್ ಪಾರ್ಲರ್‌ಗಳ ಮೇಲಿನ ಪೊಲೀಸ್ ಲೈಸೆನ್ಸ್ ನಿಯಂತ್ರಣವನ್ನು ಎತ್ತಿಹಿಡಿಯಿತು. ಕೌಶಲದ ಆಟವಾದುದರಿಂದ ಲೈಸೆನ್ಸ್ ಬೇಡವೆಂಬ ವಾದ ಅಲ್ಲಿ ನಿಲ್ಲಲಿಲ್ಲ. ಆದುದರಿಂದ ಕೊಳ್ಳುವವರು ಪೊಲೀಸ್ ಇಲಾಖೆಯಲ್ಲಿಯೂ ಸ್ಥಳೀಯ ಸಂಸ್ಥೆಯಲ್ಲಿಯೂ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಗೆದ್ದವರಿಗೆ ಹಣ ಕೊಡುವ ಯಾವ ಏರ್ಪಾಡೂ ಕೂಡದು. ನನ್ನ ಸಲಹೆಯಂತೆ ಮುಂದಿನ ಪೆಟ್ಟಿಗೆಗಳಲ್ಲಿ ಕಿಂಡಿಯನ್ನು ಅಲಂಕಾರಕ್ಕಷ್ಟೇ ಉಳಿಸಿ, ಆಟ ಆರಂಭಿಸಲು ಗುಂಡಿಯೊಂದನ್ನು ಇಡಲಾಗಿದೆ.

ಅವರು ಹೊಸ ದರವಾಗಿ 34,000 ರೂ. ತಿಳಿಸಿದರು. ಅನಂತಪುರದವರು ಬೇಡವೆಂದರು. ಬೆಂಗಳೂರಿನವರು ಒಪ್ಪಿ ಅರ್ಧ ಹಣವನ್ನು ಮುಂಗಡವಾಗಿ ಕಳುಹಿಸಿದ್ದರಿಂದ ಸಾಲದ ಅಗತ್ಯ ಬೀಳಲಿಲ್ಲ. ಒಡವೆ ಮನೆಯಲ್ಲಿಯೇ ಇದೆ. ರಿಪೇರಿ ಅಂಗಡಿ ಎಂದಿನಂತೆ ನಡೆಯುತ್ತಿದ್ದು, ಪೆಟ್ಟಿಗೆಯ ಕೆಲಸ ಸಂಜೆ ಆರರ ನಂತರ ಸಾಗಿದೆ. ಸದ್ಯಕ್ಕೆ ಒಳ್ಳೆಯ ಸ್ಥಿತಿಯ 14 ಇಂಚಿನ ಟ್ಯೂಬಿಗಾಗಿ ಹುಡುಕುತ್ತಿದ್ದಾರೆ.