ಹೆಲ್ಮೆಟ್ ಇದ್ದರೂ ಮಿದುಳಿಗೆ ಪೆಟ್ಟೇಕೆ?

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದ ಹಿರಿಯರು ಅಲ್ಲಿನ ಫುಟ್‌ಬಾಲ್ ಆಟವನ್ನು ಟಿ.ವಿ.ಯಲ್ಲಿ ನೋಡಿರಬಹುದು. ಹೆಸರು ಫುಟ್‌ಬಾಲ್ ಆದರೂ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಎಲ್ಲರ ತಲೆಯ ಮೇಲೂ ಗಟ್ಟಿ ಹೆಲ್ಮೆಟ್. ಹೆಲ್ಮೆಟ್‌ನಿಂದ ಗುದ್ದಿದ ತಪ್ಪಿಗೆ ರೆಫರಿ ಹಳದಿ ಬಟ್ಟೆ ಎಸೆದು 15 ಗಜಗಳ ದಂಡ ವಿಧಿಸಿದರೆ ಒಂದು ತಂಡದ ಅಭಿಮಾನಿಗಳು ‘ಅನ್ಯಾಯ’ ಎಂದು ಕೂಗುತ್ತಾರೆ. ವಿಧಿಸದಿದ್ದರೆ ಇನ್ನೊಂದು ತಂಡದವರು. ‘ಹೆಲ್ಮೆಟ್ ಇರುವುದೇ ಪೆಟ್ಟು ತಡೆಯಲಿಕ್ಕೆ, ಮತ್ತೆ ದಂಡವೇಕೆ?’ ಎಂದು ಕೇಳುವವರೂ ಇದ್ದಾರೆ.

2019ರ ಜನವರಿ 20ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಪಂದ್ಯವನ್ನೇ ನೋಡಿ. ಸೇಂಟ್ಸ್ ಮತ್ತು ರ‍್ಯಾಮ್ಸ್ ತಂಡಗಳು 20–20ರ ಸಮದಲ್ಲಿದ್ದವು. ಉಳಿದಿದ್ದುದು ಎರಡು ನಿಮಿಷಕ್ಕೂ ಕಡಿಮೆ. ಚೆಂಡು ಕೈಸೇರುವ ಮೊದಲೇ ಸೇಂಟ್ಸ್ ಆಟಗಾರನಿಗೆ ರ‍್ಯಾಮ್ಸ್ ಆಟಗಾರನೊಬ್ಬ ಗುದ್ದಿದ. ರೆಫರಿಗಳು ಸುಮ್ಮನಿದ್ದರು. ಹೆಚ್ಚುವರಿ ಅವಧಿಯಲ್ಲಿ ರ‍್ಯಾಮ್ಸ್ 26–23ರಿಂದ ಗೆದ್ದಿತು. ಸೇಂಟ್ಸ್ ಅಭಿಮಾನಿಗಳು ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಆದರೆ ವಾದವೆಲ್ಲ ಚೆಂಡು ಹಿಡಿಯಲು ಅಡ್ಡಿಪಡಿಸಿದ ಬಗ್ಗೆ. ಸಂಘಟಕರು ಆನಂತರ ಆ ಆಟಗಾರನಿಗೆ 26 ಸಾವಿರ ಡಾಲರಿಗೂ ಹೆಚ್ಚು ದಂಡ ಹಾಕಿದ್ದು ಹೆಲ್ಮೆಟ್‌ಗೆ ಹೆಲ್ಮೆಟ್ ಗುದ್ದಿದ ತಪ್ಪಿಗಾಗಿ. ವೈದ್ಯರ ಕಣ್ಣಿಗೆ ಮುಖ್ಯವಾಗಿ ಕಾಣುವುದೂ ಇದೇ.

ಡಬ್ಬಿಯೊಳಗಿನ ಮೊಸರು

ನಮ್ಮ ಮಿದುಳು ಗಟ್ಟಿ ಮೊಸರಿನಷ್ಟು ಮೃದು. ತಲೆಬುರುಡೆಯೊಳಗೆ ಅದು ದ್ರವದಲ್ಲಿ ತೇಲುತ್ತಿರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಹೆಪ್ಪುಗಟ್ಟಿದ ಮೊಸರನ್ನು ಜೋರಾಗಿ ಕುಲುಕಿ ನೋಡಿ. ಡಬ್ಬಿಗೆ ಏನೂ ಆಗಿರುವುದಿಲ್ಲ, ಒಳಗಿನ ಮೊಸರು ಮಾತ್ರ ಒಡೆದಿರುತ್ತದೆ. ಹೆಲ್ಮೆಟ್ ಡಬ್ಬಿಯನ್ನು ಕಾಯುತ್ತದೆ. ಬುರುಡೆ ಬಿರುಕು ಬಿಡುವುದನ್ನು, ಚರ್ಮ ಹರಿಯುವುದನ್ನು ತಡೆಯುತ್ತದೆ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಅಥವಾ ತಿರುಚಿದಾಗ ಒಳಗಿನ ಮಿದುಳು ಅಲುಗುವುದನ್ನು ಅದು ಪೂರ್ತಿಯಾಗಿ ತಡೆಯಲಾರದು.

ಈ ಅಲುಗಾಟದಿಂದ ನರತಂತುಗಳು ಎಳೆದಂತಾಗಿ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದನ್ನೇ ‘ಕನ್ಕಷನ್’ ಎನ್ನುತ್ತೇವೆ. ಇದರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್ ಕೂಡ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕುತನ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಇದರ ಲಕ್ಷಣಗಳು. ಇವು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ನಿಯಮ ಏಕೆ ಬಂತು?

ಹೆಲ್ಮೆಟ್ ಗಟ್ಟಿಯಾದಂತೆ ಆಟಗಾರರ ಧೈರ್ಯವೂ ಹೆಚ್ಚಿ, ತಲೆಯೇ ಆಯುಧವಾಯಿತು. ತಲೆ ತಗ್ಗಿಸಿ ನುಗ್ಗಿದಾಗ ಕುತ್ತಿಗೆಯ ಸಹಜ ಬಾಗು ಹೋಗಿ ಮೂಳೆಗಳು ಕೋಲಿನಂತೆ ನೇರವಾಗುತ್ತವೆ. ಪೆಟ್ಟಿನ ಭಾರವೆಲ್ಲ ಅವುಗಳ ಮೇಲೆಯೇ ಬಿದ್ದು, ಮೂಳೆ ಮುರಿದು, ಬೆನ್ನುಹುರಿ ಜಜ್ಜಿ, ಕೈಕಾಲುಗಳ ಸ್ವಾಧೀನವೇ ತಪ್ಪಬಹುದು. ಹೀಗೆ ತಲೆಯಿಂದ ಗುದ್ದುವುದನ್ನು 1976ರಲ್ಲಿ ಶಾಲೆ–ಕಾಲೇಜುಗಳ ಆಟದಲ್ಲಿ ನಿಷೇಧಿಸಿದ ಮೇಲೆ ಇಂಥ ಪಾರ್ಶ್ವವಾಯು ಪ್ರಕರಣಗಳು ಬಹಳವಾಗಿ ಇಳಿದವು. ಕಾಲೇಜು ಆಟದಲ್ಲಿ 2013ರಿಂದ ತಲೆಗೆ ಗುರಿಯಿಟ್ಟು ಗುದ್ದಿದವನನ್ನು ಮೈದಾನದಿಂದಲೇ ಹೊರಗೆ ಕಳಿಸುತ್ತಾರೆ. ವೃತ್ತಿಪರ ಲೀಗ್ ಆದ ಎನ್.ಎಫ್.ಎಲ್. 2018ರಲ್ಲಿ ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಗುದ್ದುವುದನ್ನೇ ತಪ್ಪೆಂದಿತು. ಗುದ್ದು ಎದುರಾಳಿಯ ತಲೆಗೇ ತಗುಲಬೇಕೆಂದಿಲ್ಲ.

ಜಗಳಕ್ಕೆ ಕಾರಣವೂ ಇದೆ. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕೊನೆಯ ಗಳಿಗೆಯಲ್ಲಿ ಚೆಂಡು ಹಿಡಿದವನೇ ತಗ್ಗಿದರೆ ಎದೆಗೆ ಬೀಳಬೇಕಾದ ಪೆಟ್ಟು ತಲೆಗೆ ಬೀಳುತ್ತದೆ. ‘ಬೇಕೆಂದು ಮಾಡಲಿಲ್ಲ’ ಎಂಬ ಅಭಿಮಾನಿಯ ಮಾತು ಎಷ್ಟೋ ಸಲ ನಿಜವೇ ಇರುತ್ತದೆ. ಆದರೆ ಬೇಕೆಂದು ಬಿದ್ದ ಪೆಟ್ಟಿಗೂ ಬೇಡವೆಂದು ಬಿದ್ದ ಪೆಟ್ಟಿಗೂ ಮಿದುಳಿಗೆ ವ್ಯತ್ಯಾಸ ತಿಳಿಯದು.

ಎರಡನೆಯ ಪೆಟ್ಟು

ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುನ್ನ ಬೀಳುವ ಎರಡನೆಯ ಪೆಟ್ಟು ಹೆಚ್ಚು ಅಪಾಯಕಾರಿ. 2022ರ ಸೆಪ್ಟೆಂಬರ್ 25ರಂದು ಮಯಾಮಿ ತಂಡದ ಟುವಾ ಟಾಗೊವೈಲೊವಾ ಬಿದ್ದು, ಎದ್ದಾಗ ತಟ್ಟಾಡಿದರು. ಬೆನ್ನುನೋವೆಂದು ಹೇಳಿ ಮತ್ತೆ ಆಡಿಸಲಾಯಿತು. ನಾಲ್ಕೇ ದಿನಗಳ ನಂತರ ಮತ್ತೊಂದು ಪಂದ್ಯದಲ್ಲಿ ತಲೆ ನೆಲಕ್ಕೆ ಬಡಿದು ಅವರನ್ನು ಸ್ಟ್ರೆಚರ್‌ನಲ್ಲಿ ಒಯ್ಯಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ನಿಯಮವನ್ನು ಬಿಗಿಗೊಳಿಸಿ, ಹೀಗೆ ತಟ್ಟಾಡಿದವರು ಆ ದಿನ ಮತ್ತೆ ಆಡುವಂತಿಲ್ಲ ಎಂದರು.

ಸಣ್ಣಪುಟ್ಟ ಪೆಟ್ಟುಗಳೂ ವರ್ಷಗಟ್ಟಲೆ ಬೀಳುತ್ತಿದ್ದರೆ ಮಿದುಳು ನಿಧಾನವಾಗಿ ಸವೆಯುವ ಸಿ.ಟಿ.ಇ. ಎಂಬ ಕಾಯಿಲೆ ಬರಬಹುದು. 2017ರಲ್ಲಿ ಬಾಸ್ಟನ್‌ನ ವೈದ್ಯರು ಎನ್.ಎಫ್.ಎಲ್.ನಲ್ಲಿ ಆಡಿದ್ದ 111 ಮಂದಿಯ ಮಿದುಳುಗಳನ್ನು ಮರಣಾನಂತರ ಪರೀಕ್ಷಿಸಿದಾಗ 110ರಲ್ಲಿ ಇದು ಕಂಡಿತು. ಇವು ಕುಟುಂಬದವರು ದಾನ ಮಾಡಿದ ಮಿದುಳುಗಳು. ಅನೇಕರಿಗೆ ಬದುಕಿದ್ದಾಗಲೇ ತೊಂದರೆಗಳಿದ್ದವು. ಆದ್ದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕ ಅನ್ವಯಿಸದು. ಆದರೂ ಎಚ್ಚರಿಕೆಗೆ ಇಷ್ಟು ಸಾಕು.

ನಮಗೇಕೆ ಈ ವಿಷಯ?

ಕ್ರಿಕೆಟ್ಟಿನಲ್ಲೂ ಇದೇ ವಾದ ನಡೆದಿದೆ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜ ಅವರ ಹೆಲ್ಮೆಟ್‌ಗೆ ಚೆಂಡು ಬಡಿಯಿತು. ಅವರ ಬದಲು ಬಂದ ಚಾಹಲ್ 3 ವಿಕೆಟ್ ಪಡೆದಾಗ, ‘ಪೆಟ್ಟು ಬಿದ್ದ ಮೇಲೂ ಬ್ಯಾಟ್ ಮಾಡಿದವನಿಗೆ ಬದಲಿ ಏಕೆ?’ ಎಂಬ ಆಕ್ಷೇಪ ಎದ್ದಿತು. ಲಕ್ಷಣಗಳು ತಡವಾಗಿಯೂ ಬರುತ್ತವೆ ಎಂಬುದೇ ಅದಕ್ಕೆ ವೈದ್ಯಶಾಸ್ತ್ರದ ಉತ್ತರ.

ನಿಮ್ಮ ಮಗುವಿನ ತಲೆಗೆ ಆಟದಲ್ಲಿ ಪೆಟ್ಟು ಬಿದ್ದು ಮೇಲೆ ಹೇಳಿದ ಯಾವುದೇ ಲಕ್ಷಣ ಕಂಡರೆ ಅಂದು ಮತ್ತೆ ಆಡಲು ಬಿಡಬೇಡಿ. ವೈದ್ಯರಿಗೆ ತೋರಿಸಿ. ಒಂದೆರಡು ದಿನ ವಿಶ್ರಾಂತಿ ಕೊಟ್ಟು, ನಂತರ ಓದು, ನಡಿಗೆ, ಓಟ, ಆಟ ಎಂದು ಹಂತ ಹಂತವಾಗಿ ಮರಳಿಸಿ. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ಎಬ್ಬಿಸಲಾಗದ ಮಂಪರು, ತೊದಲು ಮಾತು, ಕೈಕಾಲು ಸೋಲುವುದು, ಮೂಗು–ಕಿವಿಯಿಂದ ರಕ್ತ ಅಥವಾ ನೀರು ಸೋರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಕುತ್ತಿಗೆ ನೋವೆಂದರೆ ಕುತ್ತಿಗೆ ಅಲುಗಿಸದೆ ಆಂಬುಲೆನ್ಸ್ ಕರೆಸಿ.

ಇದನ್ನು ಓದಿ ಹೆಲ್ಮೆಟ್ಟೇ ವ್ಯರ್ಥವೆಂದು ಯಾರೂ ತಿಳಿಯಬಾರದು. ಸ್ಕೂಟರ್ ಹತ್ತುವಾಗ ಅದು ತಲೆಯ ಮೇಲಿರಲೇಬೇಕು, ಪಟ್ಟಿಯನ್ನೂ ಬಿಗಿದಿರಬೇಕು. ಅಪಘಾತದಲ್ಲಿ ಪ್ರಾಣ ಉಳಿಸುವುದು ಅದೇ. ಆದರೆ ಹೆಲ್ಮೆಟ್ ಇದೆಯೆಂದು ತಲೆ ಕೊಟ್ಟು ನುಗ್ಗುವುದು ಆಟದ ಮೈದಾನದಲ್ಲೂ ಸಲ್ಲದು, ರಸ್ತೆಯಲ್ಲೂ ಸಲ್ಲದು.