ಓಟದ ಮೋಟಾರಿಗೆ ಮದ್ಯಸಾರವೆ?

ಗೃಹಸ್ಥನಾದವನು ಮನೆಯ ಯಾವ ವಸ್ತುವನ್ನು ಮಾರ್ಪಡಿಸುವುದಕ್ಕೂ ಮೊದಲು ಅದರ ಗುಣದೋಷಗಳನ್ನು ತೂಗಿ ನೋಡತಕ್ಕದ್ದು. ಪಾತ್ರೆ ಪದಾರ್ಥಗಳಿಗೆ ಸಲ್ಲುವ ಈ ನಿಯಮವು ಮೋಟಾರು ಗಾಡಿಗೂ ಸಲ್ಲುವುದೆಂಬುದು ಈಚೆಗೆ ನಮ್ಮ ಅನುಭವಕ್ಕೆ ಬಂದಿತು.

ಬಸವೇಶ್ವರನಗರದಲ್ಲಿರುವ ನಮ್ಮ ತಮ್ಮನ ಮಗನು ಒಂದು ಭಾನುವಾರ ವಿಜಯನಗರದ ನಮ್ಮ ಮನೆಗೆ ಬಂದನು. ಅವನ ತಂದೆ ತೀರಿಕೊಂಡು ಮೂರು ವರ್ಷಗಳಾದುವು. ಆತನು ಬಿಟ್ಟುಹೋದುದರಲ್ಲಿ ಒಂದು ‘ಸ್ಯಾನ್ ಸ್ಟಾರ್ಮ್’ ಗಾಡಿಯೂ ಸೇರಿದೆ. 1990ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿಯೇ ತಯಾರಾಗತೊಡಗಿದ, ಇಬ್ಬರೇ ಕುಳಿತುಕೊಳ್ಳಬಹುದಾದ, ಗಾಜುನಾರಿನ ಮೈಯುಳ್ಳ ಪುಟ್ಟ ಓಟದ ಗಾಡಿಯದು. ಒಳಗಿನ ಯಂತ್ರವು ಫ್ರಾನ್ಸಿನ ರೆನೋ ಕಂಪನಿಯದು. ಹುಡುಗನ ತಾಯಿ ಇಂದಿಗೂ ಆಯುಧಪೂಜೆಯ ದಿನ ಮಗನ ಕೈಯಿಂದ ಅದಕ್ಕೆ ಹೂಮಾಲೆ ಹಾಕಿಸಿದ ಮೇಲೆಯೇ ಊಟಕ್ಕೇಳುವಳು.

“ದೊಡ್ಡಪ್ಪ, ಅಪ್ಪನ ಗಾಡಿಯನ್ನು ಎಥನಾಲಿಗೆ ಬದಲಾಯಿಸಬೇಕೆಂದಿದ್ದೇನೆ. ನೀವು ಏನು ಹೇಳುತ್ತೀರಿ?” ಎಂದು ಕೇಳಿದನು.

ನಾವು ಸಂಸ್ಕೃತ ಪಾಠ ಹೇಳಿ ಬದುಕಿದವರು, ಯಂತ್ರಶಾಸ್ತ್ರ ಬಲ್ಲವರಲ್ಲ. ಆದರೆ ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಅನಂತರವೇ ಉತ್ತರ ಕೊಡಬೇಕೆಂಬ ಶಾಸ್ತ್ರಕಾರರ ಪದ್ಧತಿಯನ್ನು ಬಲ್ಲೆವು. ಬೇಕಾದ ಸಂಗತಿಗಳನ್ನು ಓದಿ, ತಿಳಿದವರನ್ನು ಕೇಳಿ, ಆ ಪದ್ಧತಿಯಲ್ಲಿಯೇ ವಿಚಾರಕ್ಕೆ ಕುಳಿತೆವು.

ಮೊದಲು ಪೂರ್ವಪಕ್ಷ. ಎಥನಾಲೆಂದರೆ ಕಬ್ಬಿನ ರಸ, ಕಾಕಂಬಿ, ಧಾನ್ಯ ಮೊದಲಾದವುಗಳಿಂದ ಬಟ್ಟಿಯಿಳಿಸಿದ ಮದ್ಯಸಾರ. ಇದನ್ನು ಇಂಧನವಾಗಿ ಬಳಸುವುದು ಹೊಸತಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿಯೇ, ನಮ್ಮಲ್ಲಿ ಇದಕ್ಕಾಗಿ ಒಂದು ಕಾಯಿದೆಯಾಗಿತ್ತು. ಬ್ರೆಜಿಲ್ ದೇಶವು 1975ರಿಂದಲೂ ಕಬ್ಬಿನ ಮದ್ಯಸಾರದಲ್ಲಿ ಗಾಡಿ ಓಡಿಸುವ ಯೋಜನೆಯನ್ನು ಹಿಡಿದು ನಡೆಸಿದೆ. ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯದ ಗಾಡಿಗಳು 2007ರಲ್ಲಿ ಎಥನಾಲಿನಿಂದಲೇ ಓಡಿದುವು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಮಂತ್ರಿಗಳು ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲಿಯೇ. ಎರಡು ಇಂಧನಗಳಿಗೂ ಒಗ್ಗುವ ಮಾದರಿ ಗಾಡಿಯೊಂದನ್ನು ಅದೇ ವರ್ಷ ಆಗಸ್ಟಿನಲ್ಲಿ ದೆಹಲಿಯಲ್ಲಿ ತೋರಿಸಿದ ಟೊಯೋಟಾ ಕಂಪನಿಯ ಕಾರ್ಖಾನೆಯು ಕೆಂಗೇರಿಯಾಚೆಯ ಬಿಡದಿಯಲ್ಲಿದೆ. ವಿದೇಶಕ್ಕೆ ಹೋಗುವ ಹಣವು ಮಂಡ್ಯ, ಬೆಳಗಾವಿಗಳ ರೈತನಿಗೆ ಸೇರುವುದಾದರೆ ಯಾರಿಗೆ ಸಂತೋಷವಾಗದು? ಹುಡುಗನ ವಾದವು ಹುಡುಗಾಟಿಕೆಯದಲ್ಲ.

ಇನ್ನು ಉತ್ತರ. ಒಂದು ಲೀಟರು ಎಥನಾಲಿನಲ್ಲಿರುವ ಶಾಖಶಕ್ತಿಯು ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ. ಪೆಟ್ರೋಲಿನಲ್ಲಿ ಲೀಟರಿಗೆ 15 ಕಿಲೋಮೀಟರು ಓಡುವ ಗಾಡಿಯು ಶುದ್ಧ ಎಥನಾಲಿನಲ್ಲಿ ಸುಮಾರು 10 ಓಡೀತು. ಆದಕಾರಣ ಅದರ ಬೆಲೆಯು ಪೆಟ್ರೋಲಿನ ಬೆಲೆಯ ಮೂರನೆಯ ಎರಡು ಪಾಲಿಗಿಂತ ಇಳಿದರೆ ಮಾತ್ರ ಲಾಭ.

ಎರಡನೆಯದು ಯಂತ್ರದ ಮಾತು. ಒಂದು ತೂಕದ ಪೆಟ್ರೋಲು ಉರಿಯಲು 14.7 ತೂಕದ ಗಾಳಿ ಬೇಕು; ಎಥನಾಲಿಗೆ 9 ಸಾಕು. ಎಂದರೆ ಅಷ್ಟೇ ಗಾಳಿಗೆ ಸುಮಾರು ಒಂದೂವರೆಯಷ್ಟು ಇಂಧನವನ್ನು ಒಳಗೆ ಬಿಡಬೇಕು. ಚಿಮ್ಮುಗೊಳವೆಗಳು ಅಷ್ಟನ್ನು ಒದಗಿಸದಿದ್ದರೆ ಯಂತ್ರವು ಸೊರಗಿ ಬಿಸಿಯೇರುವುದು. ಎಥನಾಲಿಗೆ ಹೆಚ್ಚಿನ ಒತ್ತಡವನ್ನು ತಾಳುವ ಗುಣವುಂಟು. ಆದರೆ ಅದರ ಪೂರ್ಣ ಫಲ ದೊರೆಯಬೇಕಾದರೆ ಯಂತ್ರವನ್ನೇ ಬಿಚ್ಚಿ ಒತ್ತಡದ ಪ್ರಮಾಣವನ್ನು ಏರಿಸಬೇಕು. ಮೇಲಾಗಿ ಅದು ನೀರನ್ನು ಹೀರಿಕೊಳ್ಳುವುದು. ಹಳೆಯ ರಬ್ಬರು ಕೊಳವೆಗಳನ್ನು ಉಬ್ಬಿಸಿ ಬಿರಿಯಿಸುವುದು. ತಿಂಗಳುಗಟ್ಟಲೆ ನಿಂತಿರುವ ಗಾಡಿಗೆ ಇದು ಹಿತವಲ್ಲ.

ಮೂರನೆಯದು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಒಪ್ಪಿಗೆಯಿಲ್ಲದೆ ಗಾಡಿಯನ್ನು ಹೀಗೆ ಮಾರ್ಪಡಿಸಕೂಡದು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸಲು ರಾಜಾಜಿನಗರದ ಕಚೇರಿಗೆ ಹೋದಾಗ, ಪತ್ರದಲ್ಲಿ ಒಂದು ಇಂಧನ, ತೊಟ್ಟಿಯಲ್ಲಿ ಇನ್ನೊಂದು ಎಂದಾದರೆ ಏನೆಂದು ಉತ್ತರ ಕೊಡುವುದು? ವಿಮೆಯವರೂ ಇದೇ ಪ್ರಶ್ನೆಯನ್ನು ಕೇಳಿಯಾರು.

ನಾಲ್ಕನೆಯದು ನೀರು. ಕಬ್ಬಿನಿಂದ ಒಂದು ಲೀಟರು ಎಥನಾಲ್ ಪಡೆಯಲು ಸುಮಾರು 2,860 ಲೀಟರು ನೀರು ಬೇಕೆಂದು 2021ರ ನೀತಿ ಆಯೋಗದ ವರದಿಯೇ ಹೇಳುತ್ತದೆ. ಮಂಡ್ಯದ ಗದ್ದೆಗೂ ನಮ್ಮ ನಲ್ಲಿಗೂ ಒಬ್ಬಳೇ ಕಾವೇರಿ ತಾಯಿ; ಬೇಸಗೆಯಲ್ಲಿ ಬಿಂದಿಗೆ ಹಿಡಿದು ಕಾದವರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರಲು ಸಿದ್ಧಾಂತವೇನು? ಹುಟ್ಟಿನಿಂದಲೇ ಎಥನಾಲಿಗಾಗಿ ರಚಿತವಾದ ಗಾಡಿಯನ್ನು ಕೊಳ್ಳುವುದು ಬೇರೆ. ಮುದಿ ಗಾಡಿಯ ಹೊಟ್ಟೆಯನ್ನು ಕೊಯ್ದು ಅದಕ್ಕೆ ಒಗ್ಗಿಸುವುದು ಬೇರೆ. “ಮಗು, ಈಗಿನ ಪೆಟ್ರೋಲಿನಲ್ಲಿಯೇ ಐದರಲ್ಲಿ ಒಂದು ಪಾಲು ಎಥನಾಲಿದೆ. ನಿನ್ನ ದೇಶಸೇವೆಗೆ ಸದ್ಯಕ್ಕೆ ಅಷ್ಟು ಸಾಕು. ಆ ಬೆರಕೆಯನ್ನು ತಾಳುವ ಹೊಸ ಕೊಳವೆಗಳನ್ನು ಹಾಕಿಸು. ಗಾಡಿಯನ್ನು ನಿಲ್ಲಿಸಿಡಬೇಡ, ವಾರಕ್ಕೊಮ್ಮೆ ಓಡಿಸು” ಎಂದೆವು.

ಹಳೆಯ ಗಾಡಿಯುಳ್ಳ ವಾಚಕರಿಗೂ ನಮ್ಮ ಮಾತು ಇದೇ. ಶುದ್ಧ ಪೆಟ್ರೋಲಿಗಾಗಿ ರಚಿಸಿ, ಶೇಕಡಾ 10ರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಈ ಶೇಕಡಾ 20ರ ಬೆರಕೆಯಿಂದ ಮೈಲೇಜು ಶೇಕಡಾ 6–7ರಷ್ಟು ಇಳಿಯಬಹುದೆಂದು ಅದೇ ವರದಿಯು ಅಂದಾಜು ಮಾಡಿದೆ. ಆ ನಷ್ಟವನ್ನು ಲೆಕ್ಕದಲ್ಲಿ ಹಿಡಿದೇ ಖರ್ಚುಮಾಡಬೇಕು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಬದಲಾಯಿಸಿದರೆ ಗಾಡಿ ಇನ್ನಷ್ಟು ಕಾಲ ಉಳಿಯುತ್ತದೆಂದುಕೊಂಡಿದ್ದೆ, ದೊಡ್ಡಪ್ಪ” ಎಂದನು. ಅವನಿಗೆ ಬೇಕಾಗಿದ್ದುದು ಎಥನಾಲಲ್ಲ, ತಂದೆಯ ಗಾಡಿ ಎಂಬುದು ನಮಗೆ ಆಗ ತಿಳಿಯಿತು.

ಮುಂದಿನ ಭಾನುವಾರ ಅವನು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಗೇರಿಯವರೆಗೆ ಹೋಗಿಬಂದನು. ಇರುವುದು ಎರಡೇ ಆಸನ. ನಾವು ಬಾಗಿಲಲ್ಲಿ ನಿಂತು ಕಳುಹಿಸಿಕೊಟ್ಟೆವು.